ನಕ್ಷೆಯ ಮೇಲಿನ ಗೆರೆ: ಸಂಕೇತವೋ, ಕಾಕತಾಳೀಯವೋ?



ಸಂಭವನೀಯತೆಯ ಪಾಠ ಮುಗಿದ ದಿನ ದ್ವಿತೀಯ ಪಿಯುಸಿಯ ಹುಡುಗನೊಬ್ಬ ನನ್ನ ಕೈಗೆ ಒಂದು ಚೀಟಿ ಕೊಟ್ಟ. ವಾಟ್ಸಾಪ್‌ನಲ್ಲಿ ಓದಿದ್ದನ್ನು ಅದರಲ್ಲಿ ಬರೆದುಕೊಂಡು ಬಂದಿದ್ದ: ಕೇದಾರನಾಥದಿಂದ ರಾಮೇಶ್ವರದವರೆಗಿನ ಪ್ರಸಿದ್ಧ ಶಿವಾಲಯಗಳೆಲ್ಲ 79 ಡಿಗ್ರಿ ರೇಖಾಂಶದ ಒಂದೇ ನೇರ ಗೆರೆಯ ಮೇಲಿವೆಯಂತೆ. “ಇದು ಖರೆ ಐತೇನ್ರೀ ಸರ್?” ಎಂದು ಕೇಳಿದ. ಹಿಂದಿನ ಬೆಂಚಿನಿಂದ ನಗು ಬಂತು. ಪ್ರಶ್ನೆ ಕೇಳಿದವನನ್ನು ನೋಡಿ ನಗುವುದು ನನಗೆ ಸರಿ ಕಾಣಲಿಲ್ಲ. “ನಗಬೇಡಿ, ಅಳೆಯೋಣ” ಎಂದೆ.

ಮರುದಿನ ಅಟ್ಲಾಸ್ ತೆರೆದೆವು. ಕೇದಾರನಾಥ ಸುಮಾರು 79.07 ಡಿಗ್ರಿ, ರಾಮೇಶ್ವರ 79.3, ತೆಲಂಗಾಣದ ಕಾಳೇಶ್ವರ 79.9. ಇವೆಲ್ಲವನ್ನೂ ಒಳಗೊಳ್ಳಬೇಕಾದರೆ ಗೆರೆಯ ಅಗಲ 80 ಕಿ.ಮೀ.ಗೂ ಹೆಚ್ಚಾಗಬೇಕು. ಬೆಳಗಾವಿಯಿಂದ ಧಾರವಾಡಕ್ಕಿರುವ ನೇರ ದೂರವೂ ಅಷ್ಟಿಲ್ಲ. ಅದು ಗೆರೆಯಲ್ಲ, ಪಟ್ಟಿ. ಆ ಪಟ್ಟಿಯಲ್ಲಿ ಸೇರದ ಕಾಶಿ, ಸೋಮನಾಥ ಮತ್ತು ನಮ್ಮ ಗೋಕರ್ಣವನ್ನು ಸಂದೇಶ ಬರೆದವರು ಸುಮ್ಮನೆ ಬಿಟ್ಟಿದ್ದಾರೆ.

ಆದರೆ ಒಂದು ಮಾತನ್ನು ಒಪ್ಪಲೇಬೇಕು. ಶ್ರೀಕಾಳಹಸ್ತಿ, ಕಂಚಿಯ ಏಕಾಂಬರೇಶ್ವರ, ಚಿದಂಬರ ಈ ಮೂರೂ 79.7 ಡಿಗ್ರಿಯ ಹತ್ತಿರವೇ ಇವೆ. ಸುಮಾರು 260 ಕಿ.ಮೀ. ಉದ್ದದಲ್ಲಿ ಅವುಗಳ ವ್ಯತ್ಯಾಸ ಒಂದು ಕಿ.ಮೀ.ಗಿಂತ ಕಡಿಮೆ. ಇದು ನಿಜಕ್ಕೂ ಅಚ್ಚರಿ. ಆದರೆ ಪಂಚಭೂತ ಸ್ಥಳಗಳು ಐದು. ಉಳಿದೆರಡರಲ್ಲಿ ತಿರುವಣ್ಣಾಮಲೈ ಈ ಗೆರೆಯಿಂದ 60 ಕಿ.ಮೀ.ಗೂ ಹೆಚ್ಚು, ತಿರುವಾನೈಕಾವಲ್ 100 ಕಿ.ಮೀ.ಗೂ ಹೆಚ್ಚು ಪಶ್ಚಿಮಕ್ಕಿವೆ. ಬೇಕೆಂದೇ ಹೀಗೆ ಕಟ್ಟಿದರು ಎನ್ನಲು ಶಾಸನದಂಥ ಬೇರೆ ಸಾಕ್ಷಿ ಬೇಕು. ಗೆರೆಯೊಂದೇ ಸಾಲದು.

ಹಿಂದಿನ ಬೆಂಚಿನವರಿಗೆ ಖುಷಿಯಾಗಿತ್ತು. ಆಗ ಬೋರ್ಡಿನ ಮೇಲೆ ಇನ್ನೊಂದು ಸಂದೇಶ ಬರೆದೆ. ಇದು ನಮ್ಮ ಮನೆಗಳ ಗುಂಪುಗಳಲ್ಲೇ ಓಡಾಡುವಂಥದ್ದು: ಮಕ್ಕಾ ನಗರವು ಭೂಮಿಯ ಸುವರ್ಣ ಅನುಪಾತದ ಬಿಂದು. ತರಗತಿ ಮೌನವಾಯಿತು.

ಇದನ್ನೂ ಅಳೆದೆವು. ಮಕ್ಕಾದ ಅಕ್ಷಾಂಶ 21.42 ಡಿಗ್ರಿ ಉತ್ತರ. ಅಲ್ಲಿಂದ ದಕ್ಷಿಣ ಧ್ರುವಕ್ಕೆ 111.42 ಡಿಗ್ರಿ, ಉತ್ತರ ಧ್ರುವಕ್ಕೆ 68.58 ಡಿಗ್ರಿ. ಭಾಗಿಸಿದರೆ 1.625. ಸುವರ್ಣ ಅನುಪಾತ 1.618. ಹತ್ತಿರವಿದೆ, ನಿಜ. ಆದರೆ ಛತ್ತೀಸಗಡದ ರಾಯಪುರದ ಅಕ್ಷಾಂಶ 21.25. ಅಲ್ಲಿ 111.25 ಅನ್ನು 68.75ರಿಂದ ಭಾಗಿಸಿ ನೋಡಿ: 1.618! ಆ ಅಕ್ಷಾಂಶದ ಮೇಲಿರುವ ಪ್ರತಿ ಊರಿಗೂ ಅದೇ ಉತ್ತರ. ಕಾಬಾದ ಗೌರವ ಇಂಥ ಲೆಕ್ಕದ ಮೇಲೆ ನಿಂತಿಲ್ಲ. ತಪ್ಪು ಲೆಕ್ಕದಿಂದ ಅದನ್ನು ಸಮರ್ಥಿಸಲು ಹೊರಟರೆ, ಲೆಕ್ಕ ಬಿದ್ದ ದಿನ ನಂಬಿಕೆಯೇ ಬಿತ್ತೆಂದು ನೋಡುವವರು ತಿಳಿಯುತ್ತಾರೆ.

ಹಾಗಾದರೆ ನಿಜವಾದ ಹೊಂದಾಣಿಕೆಯೇ ಇಲ್ಲವೇ? ಇದೆ. ಬೆಳಗಾವಿಯಿಂದ ಕಿಬ್ಲಾ ನೇರ ಪಶ್ಚಿಮಕ್ಕಲ್ಲ, ಅದಕ್ಕಿಂತ ಸುಮಾರು 15 ಡಿಗ್ರಿ ಉತ್ತರಕ್ಕೆ ವಾಲಿದೆ. ಇಲ್ಲಿನ ಮಸೀದಿಗಳು ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಮುಖ ಮಾಡಿರುವುದು ಕಾಕತಾಳೀಯವಲ್ಲ, ಅದಕ್ಕೆ ಕಾರಣವಿದೆ. ಮಲಪ್ರಭೆಯ ಉಗಮವಾದ ಕಣಕುಂಬಿಯಲ್ಲಿ ಮಾವುಲಿ ಗುಡಿ, ಖಾನಾಪುರದ ಬಳಿ ಅದೇ ಹೊಳೆಯ ದಂಡೆಯ ಅಸೋಗಾದಲ್ಲಿ ರಾಮಲಿಂಗೇಶ್ವರ ಗುಡಿ. ಇವನ್ನು ಜೋಡಿಸಿರುವುದು ಗುಪ್ತ ಗೆರೆಯಲ್ಲ, ಹೊಳೆ. ಕಮಲ ಬಸದಿ ಮತ್ತು ಸಫಾ ಮಸೀದಿ ಹತ್ತಿರ ಹತ್ತಿರ ಇರುವುದು ಎರಡೂ ಒಂದೇ ಕೋಟೆಯೊಳಗೆ ಇರುವುದರಿಂದ.

ಕಾರಣವಿಲ್ಲದೆಯೂ ಗೆರೆಗಳು ಹುಟ್ಟುತ್ತವೆ. ಬೆಳಗಾವಿ–ಖಾನಾಪುರ ಭಾಗದ ನಕ್ಷೆಯಲ್ಲಿ ಕೋಟೆಯಿಂದ ಹಲಸಿಯವರೆಗೆ 20 ಪೂಜಾಸ್ಥಳಗಳನ್ನು ಗುರುತಿಸಿ. ವಿಕಲ್ಪದ ಸೂತ್ರದಂತೆ ಮೂರು ಮೂರು ಬಿಂದುಗಳ ಗುಂಪುಗಳು 1140. ಒಂದು ಸೆಂ.ಮೀ.ಗೆ ಎರಡೂವರೆ ಕಿ.ಮೀ. ಇರುವ ನಕ್ಷೆಯಲ್ಲಿ ಒಂದು ಮಿ.ಮೀ. ದಪ್ಪದ ಪೆನ್ಸಿಲ್ ಗೆರೆಯೇ 250 ಮೀಟರ್ ಅಗಲ. ಇಷ್ಟು ಗುಂಪುಗಳಲ್ಲಿ ಕೆಲವು ನೇರವಾಗಿ ಕಾಣದಿದ್ದರೇ ಆಶ್ಚರ್ಯ. ಬ್ರಿಟನ್ನಿನಲ್ಲಿ 2010ರಲ್ಲಿ ಗಣಿತ ಬೋಧಕ ಮ್ಯಾಟ್ ಪಾರ್ಕರ್, ಮುಚ್ಚಿಹೋದ ವುಲ್‌ವರ್ತ್ಸ್ ಅಂಗಡಿಗಳ ಸುಮಾರು 800 ಸ್ಥಳಗಳನ್ನು ತೆಗೆದುಕೊಂಡು ಇಂಥದೇ ‘ರಹಸ್ಯ’ ಗೆರೆಗಳನ್ನು ಎಳೆದು ತೋರಿಸಿದರು.

ಆದ್ದರಿಂದ ಇಂಥ ಸಂದೇಶ ಬಂದಾಗ ಮೂರು ಪ್ರಶ್ನೆ ಕೇಳಿ. ಗೆರೆಯ ಅಗಲ ಎಷ್ಟು? ಬಿಟ್ಟುಹೋದ ಸ್ಥಳಗಳು ಯಾವುವು? ಗೆರೆಯ ಹೊರತು ಬೇರೆ ಸಾಕ್ಷಿ ಇದೆಯೇ? ಪರರ ಮಾತಿಗೆ ಹಿಡಿದ ಅಳತೆಗೋಲನ್ನೇ ನಮ್ಮ ಮಾತಿಗೂ ಹಿಡಿಯಬೇಕು. ತಕ್ಕಡಿ ಒಂದೇ ಇರಲಿ.

ಮನೆಗೆಲಸ: ಅದೇ ನಕ್ಷೆಯಲ್ಲಿ 20 ಬಸ್ ನಿಲ್ದಾಣಗಳನ್ನು ಗುರುತಿಸಿ, ಮೂರು ಬಿಂದುಗಳು ಸೇರುವ ಗೆರೆಗಳು ಎಷ್ಟು ಸಿಗುತ್ತವೆ ಎಣಿಸಿ ತನ್ನಿ. ಚೀಟಿ ತಂದ ಆ ಹುಡುಗ ಈಗಾಗಲೇ ಎಣಿಸಲು ಕೂತಿದ್ದಾನೆ. ಹಿಂದಿನ ಬೆಂಚಿನವರೂ ಅವನ ಜೊತೆ ಕೂತಿದ್ದಾರೆ.