ಲಿನಕ್ಸ್ ಅಳವಡಿಸಿದ ಲ್ಯಾಪ್‌ಟಾಪ್ ಆರಂಭವಾಗದಿದ್ದಾಗ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತು. ಹಳೆಯ ಲ್ಯಾಪ್‌ಟಾಪನ್ನು ಗುಜರಿಗೆ ಹಾಕದೆ ಅದರಲ್ಲಿ ಉಬುಂಟುವಿನಂಥ ಲಿನಕ್ಸ್ ಅಳವಡಿಸುವುದು ಸಣ್ಣ ಉದ್ದಿಮೆದಾರರಿಗೆ ಮಿತವ್ಯಯದ ಮಾರ್ಗ. ಆದರೆ ಅಳವಡಿಕೆಯ ಬಳಿಕ ಯಂತ್ರ ಆರಂಭವಾಗದಿದ್ದರೆ, ಗಾಬರಿಯಿಂದ ಮತ್ತೊಮ್ಮೆ ಅಳವಡಿಸಲು ಹೊರಡುವುದು ಅಪಾಯಕರ. ಡಿಸ್ಕ್ ಅಳಿಸುವ ಆಯ್ಕೆಯನ್ನು ಒತ್ತಿದರೆ ಉಳಿದಿದ್ದ ಲೆಕ್ಕಪತ್ರವೂ ಹೋದೀತು.

ಅದೇ ಪೆನ್‌ಡ್ರೈವ್‌ನಿಂದ ಯಂತ್ರವನ್ನು ಆರಂಭಿಸಿ, ಅಳವಡಿಸದೆ ಬಳಸಿ ನೋಡುವ ಆಯ್ಕೆಯನ್ನು ಆರಿಸಿದರೆ ಡಿಸ್ಕಿನ ಕಡತಗಳು ಸಾಮಾನ್ಯವಾಗಿ ಕಾಣುತ್ತವೆ. ಅವನ್ನು ಬೇರೊಂದು ಡ್ರೈವ್‌ಗೆ ನಕಲಿಸಿಕೊಳ್ಳುವುದೇ ಮೊದಲ ಕೆಲಸ.

ಬಳಿಕ ದೋಷ ಯಾವ ಹಂತದ್ದೆಂದು ನೋಡಬೇಕು. ‘ಗ್ರಬ್’ ಎಂಬ ಆರಂಭಪಟ್ಟಿ ಕಾಣಿಸಿ ಅನಂತರ ಪರದೆ ಕಪ್ಪಾದರೆ, ಹೆಚ್ಚಾಗಿ ದೋಷ ಗ್ರಾಫಿಕ್ಸ್ ಡ್ರೈವರ್‌ನದು. ಪಟ್ಟಿಯಲ್ಲಿ ‘ಇ’ ಕೀಲಿ ಒತ್ತಿ, ‘ಲಿನಕ್ಸ್’ ಎಂದು ಆರಂಭವಾಗುವ ಸಾಲಿನ ಕೊನೆಗೆ ಜಾಗ ಬಿಟ್ಟು ‘ನೋಮೋಡ್‌ಸೆಟ್’ ಎಂದು ಒಂದೇ ಪದವಾಗಿ ಸೇರಿಸಿ, ಎಫ್10 ಒತ್ತಿದರೆ ಹಲವು ಯಂತ್ರಗಳು ಆರಂಭವಾಗುತ್ತವೆ. ಈ ಬದಲಾವಣೆ ಆ ಒಂದು ಬಾರಿಗೆ ಮಾತ್ರ. ಸರಿಯಾದ ಡ್ರೈವರನ್ನು ಆಮೇಲೆ ಅಳವಡಿಸತಕ್ಕದ್ದು.

ಗ್ರಬ್ ಪಟ್ಟಿಯೇ ಬಾರದಿದ್ದರೆ ಬಯಾಸ್ ಸೆಟಪ್‌ನಲ್ಲಿ ಬೂಟ್ ಕ್ರಮವನ್ನು ಪರಿಶೀಲಿಸಬೇಕು. ಅಳವಡಿಕೆ ಹಳೆಯ ‘ಲೆಗಸಿ’ ವಿಧಾನದಲ್ಲಿ ನಡೆದು, ಯಂತ್ರ ಯುಇಎಫ್‌ಐ ವಿಧಾನದಲ್ಲಿ ಹುಡುಕುತ್ತಿರುವುದೂ ಉಂಟು. ಸೆಕ್ಯೂರ್ ಬೂಟನ್ನು ಮೊದಲಿಗೇ ನಿಲ್ಲಿಸಿಬಿಡುವ ರೂಢಿ ಮಾತ್ರ ಸರಿಯಲ್ಲ. ಉಬುಂಟು ಅದರೊಡನೆಯೂ ನಡೆಯುತ್ತದೆ. ಜೊತೆಯಲ್ಲಿ ವಿಂಡೋಸ್ ಉಳಿದಿದ್ದು ಬಿಟ್‌ಲಾಕರ್ ಚಾಲ್ತಿಯಲ್ಲಿದ್ದರೆ, ಆ ಬದಲಾವಣೆಯ ಬಳಿಕ ಅದು 48 ಅಂಕಿಗಳ ರಿಕವರಿ ಕೀಲಿಯನ್ನು ಕೇಳಬಹುದು. ಕೀಲಿ ಎಲ್ಲಿಯೂ ಉಳಿದಿರದಿದ್ದರೆ ಆ ಭಾಗದ ಕಡತಗಳು ಕೈಗೆ ಸಿಗಲಾರವು.