ಅಕ್ಕನ ಸೀರೆ ಲೆಕ್ಕ



ಗಾಂಧಿನಗರದ ಒಂದು ವಠಾರದಲ್ಲಿ ಒಬ್ಬ ಅಕ್ಕ ಇದ್ದಾರೆ ಅಂದುಕೊಳ್ಳಿ. ಚಿಕ್ಕಪೇಟೆಯ ಅಂಗಡಿಯಿಂದ ಸೀರೆ ತರುತ್ತಾರೆ. ಮನೆಯಲ್ಲೇ ಫಾಲ್ಸ್ ಹೊಲಿದು ಕೊಡುತ್ತಾರೆ. ಶನಿವಾರ ಕೂಲಿ.

"ನಲವತ್ತಾರು ಸೀರೆ ಕೊಟ್ಟಿದ್ದೀನಿ ಸಾರ್" ಅಂತಾರೆ ಅಕ್ಕ.

"ನಲವತ್ತೇ ಕಣಮ್ಮ. ಬುಕ್ಕಲ್ಲಿ ಹಂಗೇ ಇದೆ" ಅಂತಾರೆ ಅಂಗಡಿಯವರು.

ಸೀರೆಗೆ 40 ರೂಪಾಯಿ ಎಂದು ಮಾತಾಗಿದ್ದರೆ 6 ಸೀರೆಗೆ ಎಷ್ಟು? 240 ರೂಪಾಯಿ! ಬುಕ್ಕು ಅವರ ಹತ್ತಿರ ಇದೆ. ಅಕ್ಕನ ಹತ್ತಿರ ನೆನಪು ಮಾತ್ರ ಇದೆ. ಚೀಟಿಯಲ್ಲಿ ಬರೆದಿದ್ದರು ನಿಜ. ಆ ಚೀಟಿ ಅಕ್ಕಿ ಡಬ್ಬದ ಹಿಂದೆ ಎಲ್ಲೋ ಸೇರಿಹೋಯಿತು.

ಇಂಥ ಲೆಕ್ಕ ಬರೆದಿಡಲು ಕಂಪ್ಯೂಟರಿನಲ್ಲಿ ಒಂದು ಖಾಲಿ ಹಾಳೆ ಇದೆ. ಅದರ ಹೆಸರು ನೋಟ್‌ಪ್ಯಾಡ್. ವಿಂಡೋಸ್ ಇರುವ ಕಂಪ್ಯೂಟರಿನಲ್ಲಿ ಅದು ಮೊದಲೇ ಇರುತ್ತದೆ. ಬೇರೆ ದುಡ್ಡು ಕೊಡಬೇಕಿಲ್ಲ. ಅದು ತುಂಬಾ ಸರಳ. ಹೊಸದಾಗಿ ಕಲಿಯುವವರಿಗೆ ಅದೇ ವಾಸಿ.

ಕನ್ನಡ ಬರೆಯೋದು ಹೇಗೆ? ಅದಕ್ಕೆ ಬೆಂಗಳೂರಿನ ಕನ್ನಡ ಗಣಕ ಪರಿಷತ್ತು 'ನುಡಿ' ಎಂಬ ತಂತ್ರಾಂಶ ಮಾಡಿದೆ. ಅದರಲ್ಲಿ ಯಾವ ಗುಂಡಿಗೆ ಯಾವ ಅಕ್ಷರ ಎಂಬ ಕ್ರಮವನ್ನು ರೂಪಿಸಿದವರು ಕೆ. ಪಿ. ರಾವ್. ದಕ್ಷಿಣ ಕನ್ನಡ ಜಿಲ್ಲೆಯ ಕಿನ್ನಿಕಂಬಳದವರು. ನಾವು ಕಾಗುಣಿತ ಕಲಿತ ಹಾಗೆಯೇ ಇದೆ ಅವರ ಕ್ರಮ. ಮೊದಲು ಅಕ್ಷರ, ಆಮೇಲೆ ಗುಣಿತ. 'ಕೆ' ಗುಂಡಿ ಒತ್ತಿದರೆ 'ಕ'. ಅದರ ಹಿಂದೆಯೇ 'ಐ' ಒತ್ತಿದರೆ 'ಕಿ'. ಒತ್ತಕ್ಷರಕ್ಕೆ ನಡುವೆ 'ಎಫ್' ಒತ್ತಬೇಕು. 'ಎ, ಕೆ, ಎಫ್, ಕೆ' ಎಂದು ಒತ್ತಿ ನೋಡಿ. 'ಅಕ್ಕ' ಬಂತು! ಗುಂಡಿಯ ಮೇಲಿನ ಇಂಗ್ಲಿಷ್ ಗುರುತು ಸಿಗುತ್ತಿಲ್ಲವೇ? ಕನ್ನಡ ಅಕ್ಷರದ ಸಣ್ಣ ಚೀಟಿ ಅಂಟಿಸಿಕೊಳ್ಳಿ. ನಾಚಿಕೆ ಏನಿಲ್ಲ.

'ನುಡಿ'ಯಲ್ಲಿ 'ಯೂನಿಕೋಡ್' ಎಂಬುದನ್ನೇ ಆರಿಸಿ. ಆಗ ಬೇರೆ ಕಂಪ್ಯೂಟರಿನಲ್ಲೂ ಕನ್ನಡ ಕನ್ನಡವಾಗಿಯೇ ಕಾಣುತ್ತದೆ.

ಈಗ ಅಕ್ಕ ಬರೆಯಲಿ. 'ಎಫ್5' ಎಂಬ ಗುಂಡಿ ಒತ್ತಿದರೆ ಆ ದಿನದ ತಾರೀಖು, ಗಂಟೆ ತಾನೇ ಬರುತ್ತದೆ. ಅದರ ಮುಂದೆ,

ಸೀರೆ ತಂದದ್ದು 12. ಕೊಟ್ಟದ್ದು 10. ಬಂದ ಹಣ 300. ಬಾಕಿ 100.

ಒಂದು ದಿನಕ್ಕೆ ಒಂದು ಸಾಲು ಸಾಕು. ಬರೆದ ಮೇಲೆ 'ಕಂಟ್ರೋಲ್' ಗುಂಡಿ ಹಿಡಿದು 'ಎಸ್' ಒತ್ತಿ. 'ಸೀರೆ ಲೆಕ್ಕ' ಎಂದು ಹೆಸರು ಕೊಡಿ. ಹೀಗೆ ಉಳಿಸುವಾಗ ಒಂದು ಎಚ್ಚರ. 2019ಕ್ಕಿಂತ ಹಳೆಯ ನೋಟ್‌ಪ್ಯಾಡ್ ಆದರೆ 'ಎನ್‌ಕೋಡಿಂಗ್' ಎಂಬಲ್ಲಿ 'ಯುಟಿಎಫ್-8' ಆರಿಸಲೇಬೇಕು. ಮರೆತರೆ ಕನ್ನಡ ಅಕ್ಷರವೆಲ್ಲ ಪ್ರಶ್ನೆ ಚಿಹ್ನೆ ಆಗಿಬಿಡುತ್ತದೆ. ತಿಂಗಳ ಲೆಕ್ಕ ನೀರಲ್ಲಿ ಹೋದ ಹಾಗೆ!

ಆರು ತಿಂಗಳ ಸಾಲುಗಳಲ್ಲಿ ಒಂದನ್ನು ಹುಡುಕಬೇಕೇ? 'ಕಂಟ್ರೋಲ್' ಹಿಡಿದು 'ಎಫ್' ಒತ್ತಿ. 'ಬಾಕಿ' ಎಂದು ಬರೆದು ಹುಡುಕಿಸಿ. ಆ ಮಾತು ಇರುವ ಜಾಗವನ್ನು ಒಂದಾದ ಮೇಲೆ ಒಂದು ತೋರಿಸುತ್ತಾ ಹೋಗುತ್ತದೆ. ಚೀಟಿ ಈ ಕೆಲಸ ಮಾಡೀತೇ? ಆದರೆ ನೋಟ್‌ಪ್ಯಾಡ್ ಲೆಕ್ಕ ಕೂಡುವುದಿಲ್ಲ. ಕೂಡುವ ಕೆಲಸ ನಮ್ಮದೇ.

ಇನ್ನೊಂದು ಮಾತು. ಈ ಹಾಳೆಗೆ ಬೀಗ ಇಲ್ಲ. ಮನೆಯವರು, ಮಕ್ಕಳು, ಸೈಬರ್ ಅಂಗಡಿಯವರು, ಯಾರು ಬೇಕಾದರೂ ತೆರೆಯಬಹುದು, ತಿದ್ದಲೂಬಹುದು. ಎಟಿಎಂ ಗುಟ್ಟಿನ ಸಂಖ್ಯೆಯನ್ನು ಇಲ್ಲಿ ಬರೆಯಬೇಡಿ. ಇದಕ್ಕೆ ಸಹಿಯೂ ಇಲ್ಲ. ಅದಕ್ಕೇ ಅಂಗಡಿಯವರ ಕೈಬರಹದ ಚೀಟಿಯನ್ನು ಬಿಸಾಡಬೇಡಿ. ಪ್ರತಿ ಸಲ ಸೀರೆ ಕೊಡುವಾಗ ನಿಮ್ಮ ಸಾಲನ್ನು ಅವರಿಗೆ ಓದಿ ಹೇಳಿ. "ಇವತ್ತು ಹತ್ತು ಕೊಟ್ಟೆ ಸಾರ್, ನಿಮ್ಮ ಬುಕ್ಕಲ್ಲೂ ಹತ್ತೇ ಬರ್ಕೊಳ್ಳಿ" ಅನ್ನಿ. ಶನಿವಾರದ ಜಗಳ ಅರ್ಧ ಅಲ್ಲೇ ಮುಗಿಯುತ್ತದೆ.

ಬರೆಯಿರಿ:
1. ಈ ವಾರ ನಿಮಗೆ ಬರಬೇಕಾದ ಹಣ ಎಷ್ಟು? ಯಾರಿಂದ?
2. ಮೇಲಿನ ಸಾಲಿನಲ್ಲಿ ಅಕ್ಕನ ಹತ್ತಿರ ಉಳಿದ ಸೀರೆ ಎಷ್ಟು?