ಹೊಟ್ಟೆ ಬಿಗಿದಿದ್ದರೆ ಬಟ್ಟಿ ತಿಕ್ಕಿಸಬೇಡಿ

ಹೊಟ್ಟೆನೋವು ಅಂದಕೂಡಲೇ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಕೇಳಿಬರುವ ಮಾತು ‘ಬಟ್ಟಿ ಸರದೈತಿ’, ಅಂದರೆ ಹೊಕ್ಕುಳು ಜಾರಿದೆ ಎಂದು. ಎಣ್ಣೆ ಹಚ್ಚಿ ತಿಕ್ಕಿಸುತ್ತಾರೆ, ಅದಕ್ಕೂ ಬಗ್ಗದಿದ್ದರೆ ಔಡಲೆಣ್ಣೆ ಕುಡಿಸುತ್ತಾರೆ. ಗ್ಯಾಸಿನ ನೋವಾದರೆ ಬಚಾವ್. ಪೆರಿಟೊನೈಟಿಸ್ ಆಗಿದ್ದರೆ ಜೀವಕ್ಕೇ ಕುತ್ತು.

ಹೊಟ್ಟೆಯ ಒಳಗೋಡೆಗೂ ಕರುಳಿಗೂ ಹೊದ್ದ ತೆಳು ಪೊರೆ ಊದಿಕೊಳ್ಳುವ ರೋಗವಿದು. ಅಪೆಂಡಿಕ್ಸ್ ಒಡೆದರೆ, ಜಠರದ ಹುಣ್ಣು ತೂತಾದರೆ, ಟೈಫಾಯ್ಡ್ ಬಲಿತು ಸಣ್ಣ ಕರುಳು ತೂತಾದರೆ, ಎತ್ತು ಹಾಯ್ದು ಕರುಳು ಹರಿದರೆ ಒಳಗಿನ ಹೊಲಸು ಪೊರೆಗೆ ತಾಗುತ್ತದೆ. ಲಿವರ್ ಕೆಟ್ಟು ಹೊಟ್ಟೆಯಲ್ಲಿ ನೀರು ತುಂಬಿದವರಿಗೆ ತೂತಿಲ್ಲದೆಯೂ ಸೋಂಕು ತಗಲಬಹುದು. ಹೊಟ್ಟೆಯ ಕ್ಷಯವೂ ಒಂದು ಕಾರಣ, ಅದು ನಿಧಾನ. ಕಬ್ಬಿನ ಹಂಗಾಮಿನಲ್ಲಿ ಸೊಂಟನೋವಿಗೆಂದು ಖಾಲಿ ಹೊಟ್ಟೆಯಲ್ಲಿ ಚಹದ ಜೊತೆ ದಿನಾ ಡೈಕ್ಲೋಫೆನಾಕ್ ನುಂಗುವವರು ಹುಣ್ಣನ್ನು ತಾವೇ ಸಾಕಿಕೊಳ್ಳುತ್ತಿರುತ್ತಾರೆ.

ಮೊದಲು ರೋಗಿ ಮಲಗಿರುವ ರೀತಿ ನೋಡಿ. ಕಿಡ್ನಿ ಕಲ್ಲಿನ ನೋವಿದ್ದವರು ಹೊರಳಾಡುತ್ತಾರೆ. ಪೊರೆ ಊದಿದವರು ಮಿಸುಕುವುದಿಲ್ಲ. ಕೆಮ್ಮಿದರೆ, ಗಾಡಿ ತಗ್ಗಿಗಿಳಿದರೆ ಚೀರುತ್ತಾರೆ. ಹೊಟ್ಟೆ ಹಲಗೆಯಂತೆ ಬಿಗಿದಿರುತ್ತದೆ. ವಾಂತಿ, ಜ್ವರ ಬರಬಹುದು, ಗಾಳಿ ಹೋಗುವುದು ನಿಲ್ಲಬಹುದು. ಮುದುಕರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ನೋವು ಮಂದವಾಗಿದ್ದೂ ಒಳಗೆ ಕೆಟ್ಟಿರಬಹುದು.

ಈಗ ಬಟ್ಟಿಯ ಮಾತು. ಕೀವಾದ ಜಾಗವನ್ನು ಹೊಟ್ಟೆಯೊಳಗಿನ ಕೊಬ್ಬಿನ ಪದರವೇ ಹೋಗಿ ಮುಚ್ಚಿಕೊಳ್ಳಲು ನೋಡುತ್ತದೆ. ತಿಕ್ಕಿದರೆ ಆ ಮುಚ್ಚಳ ಕಿತ್ತು ಕೀವು ಹೊಟ್ಟೆತುಂಬ ಹರಡಬಹುದು. ಔಡಲೆಣ್ಣೆ ಕರುಳನ್ನು ಹಿಂಡಿ, ಒಡೆಯುವ ಹಂತದ ಅಪೆಂಡಿಕ್ಸನ್ನು ಒಡೆಸಬಹುದು. ಇನ್ನೂ ಮೋಸದ ಸಂಗತಿಯೆಂದರೆ, ಅಪೆಂಡಿಕ್ಸ್ ಒಡೆದಾಗ ಒಳಗಿನ ಒತ್ತಡ ಇಳಿದು ನೋವು ಕೆಲ ಹೊತ್ತು ತಗ್ಗುವುದುಂಟು. ‘ಬಟ್ಟಿ ಕೂತಿತು’ ಎಂದು ತಿಕ್ಕಿದವರಿಗೆ ಹೆಸರು ಬರುತ್ತದೆ. ಮರುದಿನ ಹೊಟ್ಟೆ ಉಬ್ಬಿ, ನಾಡಿ ಓಡತೊಡಗಿದಾಗ ಅವರು ಆ ಕಡೆ ಸುಳಿಯುವುದಿಲ್ಲ. ನೋವಿನ ಇಂಜೆಕ್ಷನ್ ಚುಚ್ಚಿ ಮನೆಗೆ ಕಳಿಸುವುದೂ ಇದೇ ಜಾತಿಯ ತಪ್ಪೆಂದು ನನ್ನ ಅಭಿಪ್ರಾಯ.

ಇಂಥ ಲಕ್ಷಣ ಕಂಡರೆ ಬಾಯಿಗೆ ಅನ್ನ, ನೀರು, ಗಂಜಿ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಿ. ಖಾಸಗಿ ಗಾಡಿಯಲ್ಲಿ ಹೊರಡುವುದಾದರೆ, ಆ ಹೊತ್ತಿನಲ್ಲಿ ಸರ್ಜನ್ ಮತ್ತು ಅರಿವಳಿಕೆ ವೈದ್ಯರು ಇದ್ದಾರೆಯೇ ಎಂದು ತಾಲ್ಲೂಕು ಆಸ್ಪತ್ರೆಗೆ ಫೋನ್ ಮಾಡಿ ಕೇಳಿಕೊಳ್ಳಿ. ಇಲ್ಲವೆಂದರೆ ನೇರ ಬೆಳಗಾವಿ; ಮೂಡಲಗಿಯವರಿಗೆ ದಾರಿ ಉದ್ದ, ಬೇಗ ಹೊರಡಬೇಕು. ನುಂಗಿದ ಗುಳಿಗೆಗಳ ಪಟ್ಟಿಯನ್ನು ವೈದ್ಯರಿಗೆ ತೋರಿಸಿ, ಮುಚ್ಚಿಡಬೇಡಿ. ಕರುಳು ತೂತಾಗಿದ್ದರೆ ನಿಲ್ಲಿಸಿ ತೆಗೆದ ಎಕ್ಸ್‌ರೇಯಲ್ಲಿ ವಪೆಯ (ಡಯಾಫ್ರಮ್) ಕೆಳಗೆ ಗಾಳಿ ಕಾಣಬಹುದು. ಆಗ ಆಪರೇಷನ್ ಮುಂದೂಡಬೇಡಿ.

ಬಿಪಿಎಲ್ ಕಾರ್ಡು, ಆಧಾರ್ ಜೊತೆಗಿರಲಿ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಗೆ ಬೇಕಾಗುತ್ತವೆ. ಸಿಗದಿದ್ದರೆ ಹುಡುಕುತ್ತ ಕೂರದೆ ಹಿಂದಿನಿಂದ ತರಿಸಿಕೊಳ್ಳಿ.